ಮನೆ ಅಕ್ವೇರಿಯಂಗೆ ಎಲ್‌ಇಡಿ ಲೈಟು: ಯಾವುದು ತಗೋಬೇಕು, ನಾವೇ ಹೇಗೆ ಮಾಡ್ಕೋಬಹುದು

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗಿನ ಮನೆ ಅಕ್ಕ ಉಡುಪಿ ಕಡೆಯವರು, ಅವರ ಮನೆ ಹಾಲಲ್ಲಿ ಎರಡಡಿ ಮೀನಿನ ಟ್ಯಾಂಕ್ ಇದೆ. ಹೋದ ತಿಂಗಳು ಅದರ ಹುಡ್ಡಿನಲ್ಲಿದ್ದ, ಅಂದ್ರೆ ಮೇಲಿನ ಮುಚ್ಚಳದಲ್ಲಿದ್ದ, ಹಳೇ ಟ್ಯೂಬು ಸುಟ್ಟೋಯ್ತು. ಅಂಗಡಿಗೆ ಹೋದ್ರೆ ಆ ಸೈಜಿನ ಟ್ಯೂಬೇ ಈಗ ಬರಲ್ಲ, ಎಲ್‌ಇಡಿ ಹಾಕ್ಕೊಳ್ಳಿ ಅಂದ್ರಂತೆ. ಹಾಕ್ಕೊಳ್ಳೋದು ಸರಿ, ಆದ್ರೆ ಇನ್ನೂರು ರೂಪಾಯಿಯದ್ದೂ ಇದೆ, ಐದು ಸಾವಿರದ್ದೂ ಇದೆ. ಮೇಲೆ ಬಂದು ಕೇಳಿದ್ರು, "ಎಂತ ಮಾರಾಯ, ಎರಡೂ ಬೆಳಕೇ ಅಲ್ವಾ, ಇದರಲ್ಲಿ ವ್ಯತ್ಯಾಸ ಎಂತ ಉಂಟು?"

ಈ ಪ್ರಶ್ನೆ ಇನ್ಮೇಲೆ ತುಂಬಾ ಮನೆಗಳಲ್ಲಿ ಬರೋದೇ. ಟ್ಯೂಬ್‌ಲೈಟ್ ಒಳಗೆ ಪಾದರಸ ಇರುತ್ತೆ, ಅದಕ್ಕೇ 2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದ, ಪಾದರಸದ ಬಳಕೆ ತಗ್ಗಿಸೋಕೆ ದೇಶಗಳು ಮಾಡ್ಕೊಂಡಿರೋ ಮಿನಮಾಟಾ ಒಪ್ಪಂದದ ಸಭೆಯಲ್ಲಿ ಸಾಮಾನ್ಯ ಬಳಕೆಯ ಟ್ಯೂಬುಗಳ ತಯಾರಿಕೆ ಮತ್ತೆ ಆಮದು ರಫ್ತು 2027ರ ಒಳಗೆ ನಿಲ್ಲಿಸ್ಬೇಕು ಅಂತ ದೇಶಗಳು ಒಪ್ಕೊಂಡವು. ಹಳೇ ಹುಡ್ ಇರೋರೆಲ್ಲ ಇವತ್ತಲ್ಲ ನಾಳೆ ಬದಲಾಯಿಸ್ಲೇಬೇಕು. ಹಾಗಾಗಿ ಅಕ್ಕನಿಗೆ ಹೇಳಿದ್ದನ್ನೇ ಮೊದಲಿಂದ, ಬಿಡಿಸಿ ಬರೀತಾ ಇದೀನಿ. ಇದು ಸಿಹಿನೀರಿನ ಚಿಕ್ಕ ಟ್ಯಾಂಕುಗಳ ವಿಷಯ ಅಷ್ಟೇ. ಸಮುದ್ರದ ಹವಳ ಸಾಕೋರಿಗೆ ಬೇಕಾದ ಲೈಟೇ ಬೇರೆ.

ಮೊದಲು ಒಂದು ಮಾತು, ಲೈಟು ಯಾರಿಗೆ?

ಟ್ಯಾಂಕಲ್ಲಿ ಬರೀ ಮೀನು, ಒಂದೆರಡು ಪ್ಲಾಸ್ಟಿಕ್ ಗಿಡ ಇದ್ರೆ ಲೈಟು ಬೇಕಾಗಿರೋದು ನಮಗೆ, ಮೀನಿಗಲ್ಲ. ಮೀನಿಗೆ ಹಗಲು ಯಾವುದು ರಾತ್ರಿ ಯಾವುದು ಅಂತ ಗೊತ್ತಾದ್ರೆ ಸಾಕು. ಅದಕ್ಕೆ ರೆಪ್ಪೆ ಇಲ್ಲ, ಕಣ್ಣು ಮುಚ್ಕೊಂಡು ಮಲಗೋಕೆ ಆಗಲ್ಲ, ಆದ್ದರಿಂದ ಕತ್ತಲೆ ಅನ್ನೋದು ಅದಕ್ಕೆ ಬೆಳಕಿನಷ್ಟೇ ಮುಖ್ಯ. ಇಂಥ ಟ್ಯಾಂಕಿಗೆ ಯಾವ ಚಿಕ್ಕ ಲೈಟಾದ್ರೂ ನಡೆಯುತ್ತೆ, ದುಡ್ಡು ಸುರಿಯೋದು ಬೇಡ.

ಜೀವಂತ ಗಿಡ ಹಾಕಿದ್ರೆ ಲೆಕ್ಕ ಬದಲಾಗುತ್ತೆ. ಗಿಡಕ್ಕೆ ಬೆಳಕೇ ಒಲೆ, ಅದಿಲ್ದೆ ಅಡುಗೆ ಆಗಲ್ಲ. ಆದ್ರೆ ಎಲ್ಲ ಗಿಡಕ್ಕೂ ಒಂದೇ ಹಸಿವಲ್ಲ. ಅನುಬಿಯಾಸ್ ಪಶ್ಚಿಮ ಆಫ್ರಿಕಾದ ಕಾಡಿನ ತೊರೆಗಳ ಪಕ್ಕ ನೆರಳಲ್ಲಿ ಬೆಳೆಯೋದು. ಜಾವಾ ಫರ್ನ್ ಕೂಡ ಹಾಗೇ, ಆಗ್ನೇಯ ಏಷ್ಯಾದ ಕಾಡಿನ ಬಂಡೆ, ಬೇರುಗಳ ಮೇಲೆ ಅಂಟ್ಕೊಂಡು ಬದುಕುತ್ತೆ. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಕ್ರಿಪ್ಟೊಕೊರೈನ್ ಜಾತಿಯ ಗಿಡಗಳಿವೆ. ಮರದ ನೆರಳಲ್ಲಿ ಹುಟ್ಟಿ ಬೆಳೆದ ಇಂಥ ಗಿಡಗಳಿಗೆ ಕಡಿಮೆ ಬೆಳಕು ಸಾಕು, ಜಾಸ್ತಿ ಆದ್ರೇ ಕಷ್ಟ. ಅದೇ ಕೆಂಪು ಎಲೆಯ ರೊಟಾಲಾ ಮ್ಯಾಕ್ರಾಂಡ್ರಾ, ಅದೂ ನಮ್ಮ ದೇಶದ್ದೇ ಗಿಡ, ಅದಕ್ಕೆ ಒಳ್ಳೇ ಬೆಳಕು ಸಿಗದಿದ್ರೆ ಕೆಂಪೂ ಬರಲ್ಲ, ಕೆಳಗಿನ ಎಲೆಗಳೂ ಉದುರಿ ಹೋಗ್ತವೆ.

ಅಂದ್ರೆ ಲೈಟ್ ಅಂಗಡಿಗೆ ಹೋಗೋ ಮೊದಲು ಗಿಡ ಯಾವುದು ಅಂತ ತೀರ್ಮಾನ ಆಗಿರ್ಬೇಕು. ಬಹಳ ಜನ ಇದನ್ನ ಉಲ್ಟಾ ಮಾಡ್ತಾರೆ.

ವ್ಯಾಟ್ ಅಂದ್ರೆ ಬೆಳಕಲ್ಲ

ಕುರ್ಲಾದ ಭಾನುವಾರದ ಮೀನು ಬಜಾರಿಗೆ ಹೋಗಿ ನಿಂತ್ರೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಕಿತನೇ ವಾಟ್ ಕಾ ಹೈ?" ವ್ಯಾಟ್ ಅಂದ್ರೆ ಆ ಲೈಟು ಕರೆಂಟ್ ಎಷ್ಟು ತಿನ್ನುತ್ತೆ ಅಂತ, ಬೆಳಕು ಎಷ್ಟು ಕೊಡುತ್ತೆ ಅಂತಲ್ಲ. ಇಬ್ಬರು ಒಂದೇ ಲೆಕ್ಕದಲ್ಲಿ ಊಟ ಮಾಡಿದ್ರೂ ಒಬ್ಬ ಎರಡು ಮೂಟೆ ಹೊರ್ತಾನೆ, ಇನ್ನೊಬ್ಬ ಅರ್ಧ ಮೂಟೆಗೇ ಸುಸ್ತಾಗ್ತಾನೆ, ಹಾಗೆ. ಒಳ್ಳೇ ಎಲ್‌ಇಡಿ ಒಂದು ವ್ಯಾಟಿಗೆ ನೂರು ಲ್ಯೂಮೆನ್ ದಾಟುತ್ತೆ, ಕಳಪೆದು ಅದರ ಅರ್ಧಕ್ಕೇ ನಿಲ್ಲುತ್ತೆ.

ಲ್ಯೂಮೆನ್ ಅಂದ್ರೆ ಲೈಟಿಂದ ಹೊರಗೆ ಬರೋ ಒಟ್ಟು ಬೆಳಕು, ನಮ್ಮ ಕಣ್ಣಿಗೆ ಕಾಣೋ ಲೆಕ್ಕದಲ್ಲಿ. ಮನೆಯಲ್ಲಿ ಹಾಕೋ 9 ವ್ಯಾಟಿನ ಬಲ್ಬಿನ ಡಬ್ಬಿ ನೋಡಿ, ಸುಮಾರು 900 ಲ್ಯೂಮೆನ್ ಅಂತ ಬರೆದಿರುತ್ತೆ. ಲಕ್ಸ್ ಅಂದ್ರೆ ಆ ಬೆಳಕು ಒಂದು ಜಾಗದ ಮೇಲೆ ಎಷ್ಟು ಬಿತ್ತು ಅನ್ನೋದು. ಒಂದೇ ಲೋಟ ಹಿಟ್ಟನ್ನ ಚಿಕ್ಕ ದೋಸೆ ಮಾಡಿದ್ರೆ ದಪ್ಪ ಆಗುತ್ತೆ, ಕಾವಲಿ ತುಂಬಾ ಹರಡಿದ್ರೆ ತೆಳ್ಳಗಾಗುತ್ತೆ. ಹಿಟ್ಟು ಲ್ಯೂಮೆನ್ ಅಂದ್ಕೊಳ್ಳಿ, ದೋಸೆ ದಪ್ಪ ಲಕ್ಸ್. ಲೈಟನ್ನ ನೀರಿನಿಂದ ಮೇಲೆ ಎತ್ತಿದಷ್ಟೂ ಬೆಳಕು ಹರಡಿ ತೆಳ್ಳಗಾಗುತ್ತೆ, ತಳದ ಗಿಡಕ್ಕೆ ಸಿಗೋದು ಕಡಿಮೆ ಆಗುತ್ತೆ.

ಇನ್ನೊಂದು ಮಾತು ಪಾರ್. ಇಂಗ್ಲಿಷಿನ ಮೂರು ಅಕ್ಷರ ಸೇರಿಸಿ ಮಾಡಿರೋ ಹೆಸರು ಅದು, ಅರ್ಥ ಇಷ್ಟೇ, 400ರಿಂದ 700 ನ್ಯಾನೋಮೀಟರ್ ಒಳಗಿನ, ಗಿಡ ಅಡುಗೆಗೆ ಬಳಸ್ಕೊಳ್ಳೋ ಬೆಳಕು. ಲ್ಯೂಮೆನ್ನಿಗೂ ಇದಕ್ಕೂ ಏನು ವ್ಯತ್ಯಾಸ ಅಂದ್ರೆ, ನಮ್ಮ ಕಣ್ಣಿಗೆ ಹಸಿರು ಬೆಳಕು, ಸುಮಾರು 555 ನ್ಯಾನೋಮೀಟರ್ ಹತ್ತಿರದ್ದು, ತುಂಬಾ ಚೆನ್ನಾಗಿ ಕಾಣುತ್ತೆ, ನೀಲಿ ಕೆಂಪು ಮಂದವಾಗಿ ಕಾಣ್ತವೆ, ಆದ್ರೆ ಗಿಡದ ಹಸಿರುದ್ರವ್ಯ ಹೆಚ್ಚು ಹೀರೋದು ಆ ನೀಲಿ ಮತ್ತೆ ಕೆಂಪನ್ನೇ. ಹಾಗಂತ ಹಸಿರು ಬೆಳಕು ಗಿಡಕ್ಕೆ ಬೇಡವೇ ಬೇಡ ಅಂತ ಹೇಳೋದು ತಪ್ಪು, ಎಲೆ ಅದನ್ನೂ ಸಾಕಷ್ಟು ಬಳಸ್ಕೊಳ್ಳುತ್ತೆ. ಬರೀ ನೀಲಿ ಕೆಂಪು ಇರೋ ಗುಲಾಬಿ ಬಣ್ಣದ ಗ್ರೋ ಲೈಟ್ ಹಾಕಿದ್ರೆ ಗಿಡ ಬೆಳೀಬಹುದು, ಆದ್ರೆ ಟ್ಯಾಂಕ್ ನೋಡೋಕೆ ಬೇಜಾರಾಗುತ್ತೆ, ಎಲೆ ಕಪ್ಪಗೆ, ಮೀನು ಗುಲಾಬಿಯಾಗಿ ಕಾಣುತ್ತೆ.

ಪಾರ್ ಅಳೆಯೋ ಮೀಟರ್ ದುಬಾರಿ, ಮನೆಗೆ ಅಂತ ತಗೊಳ್ಳೋ ವಸ್ತು ಅಲ್ಲ. ಒಂದು ಅಂದಾಜು ಗೊತ್ತಿದ್ರೆ ಸಾಕು. ನೆತ್ತಿ ಮೇಲಿನ ಮಧ್ಯಾಹ್ನದ ಬಿಸಿಲಲ್ಲಿ ಪಾರ್ ಸುಮಾರು 2000 ಇರುತ್ತೆ. ನೆರಳಿನ ಗಿಡಗಳಿಗೆ ಟ್ಯಾಂಕಿನ ತಳದಲ್ಲಿ 15ರಿಂದ 30 ಸಾಕು, ಮಧ್ಯಮ ಗಿಡಗಳಿಗೆ 35ರಿಂದ 50, ಅದರ ಮೇಲೆ ಹೋದ್ರೆ ಹೆಚ್ಚು ಬೆಳಕಿನ ಟ್ಯಾಂಕ್. ಸೂರ್ಯನ ಬೆಳಕಿನ ಮುಂದೆ ಇದು ಎಷ್ಟು ಚಿಕ್ಕ ಸಂಖ್ಯೆ ನೋಡಿ. ಕಿಟಕಿ ಪಕ್ಕ ಇಟ್ಟ ಟ್ಯಾಂಕಿಗೆ ದಿನಾ ಒಂದು ಗಂಟೆ ನೇರ ಬಿಸಿಲು ಬಿದ್ರೆ ನಿಮ್ಮ ಲೈಟಿನ ಲೆಕ್ಕವೆಲ್ಲ ತಲೆಕೆಳಗಾಗುತ್ತೆ.

ಕೆಲ್ವಿನ್, ಮತ್ತೆ ಆ ಹಳದಿ ಚುಕ್ಕೆ

ಡಬ್ಬಿ ಮೇಲೆ 3000ಕೆ, 6500ಕೆ ಅಂತ ಇರೋದು ಬೆಳಕಿನ ಬಣ್ಣ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕಾಯೋದು ನೋಡಿದ್ರೆ ಇದು ತಕ್ಷಣ ಅರ್ಥ ಆಗುತ್ತೆ. ಮೊದಲು ಕೆಂಪಗಾಗುತ್ತೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಇನ್ನೂ ಕಾಯಿಸಿದ್ರೆ ಬಿಳಿ. ಆ ಶಾಖದ ಅಳತೆಯನ್ನೇ ಬಣ್ಣಕ್ಕೆ ಹೆಸರಾಗಿ ಇಟ್ಕೊಂಡಿದಾರೆ. 3000 ಅಂದ್ರೆ ಹಳದಿ ಬಲ್ಬಿನ ಬಣ್ಣ, 6500 ಅಂದ್ರೆ ಹಗಲಿನ ತಣ್ಣನೆ ಬಿಳಿ, 10000 ಅಂದ್ರೆ ನೀಲಿ ಕಡೆಗೆ ವಾಲಿದ್ದು. ಸಾಮಾನ್ಯವಾಗಿ ಗಿಡದ ಟ್ಯಾಂಕಿಗೆ 5000ದಿಂದ 7000 ಒಳಗೆ ಹಾಕ್ತಾರೆ, ಮುಖ್ಯವಾಗಿ ನೋಡೋಕೆ ನೀರು ತಿಳಿಯಾಗಿ, ಎಲೆ ಹಸಿರಾಗಿ ಕಾಣುತ್ತೆ ಅಂತ. ಗಿಡ 4000ದಲ್ಲೂ ಬೆಳೆಯುತ್ತೆ.

ಬಿಳಿ ಎಲ್‌ಇಡಿಯನ್ನ ಆಫ್ ಮಾಡಿ ಹತ್ತಿರದಿಂದ ನೋಡಿ. ಒಳಗೆ ಅರಿಶಿನ ಹಚ್ಚಿದ ಹಾಗೆ ಒಂದು ಹಳದಿ ಚುಕ್ಕೆ ಕಾಣುತ್ತೆ. ಆ ಹಳದಿ ಫಾಸ್ಫರ್ ಪುಡಿಯ ಕೆಳಗೆ ಕೂತಿರೋದು ನೀಲಿ ಬೆಳಕಿನ ಚಿಪ್. ನೀಲಿಯಲ್ಲಿ ಸ್ವಲ್ಪ ನೇರವಾಗಿ ಹೊರಗೆ ಬರುತ್ತೆ, ಉಳಿದದ್ದನ್ನ ಆ ಪುಡಿ ಹಳದಿಯಾಗಿ ಬದಲಾಯಿಸುತ್ತೆ, ಎರಡೂ ಸೇರಿ ಕಣ್ಣಿಗೆ ಬಿಳಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು, ಆದ್ರೆ ಜೋರಾಗಿ ಉರಿಯೋ ನೀಲಿ ಮಾಡೋಕೆ 1990ರ ದಶಕದ ತನಕ ಕಾಯ್ಬೇಕಾಯ್ತು. ಅದನ್ನ ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರಾ ಈ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಮ್ಮ ಹಾಲಿನ ಮೂಲೆಯ ಟ್ಯಾಂಕಿನ ತನಕ ಆ ಕೆಲಸ ಬಂದಿದೆ ಅಂತ ನೆನೆದ್ರೆ ನನಗೆ ಈಗಲೂ ಖುಷಿಯಾಗುತ್ತೆ.

ಸಿಆರ್‌ಐ ಅಂತ ಇನ್ನೊಂದು ಸಂಖ್ಯೆ ಬರುತ್ತೆ, ನೂರಕ್ಕೆ ಎಷ್ಟು ಹತ್ತಿರವೋ ಅಷ್ಟು ನಿಜವಾದ ಬಣ್ಣ ಕಾಣುತ್ತೆ. ಅಗ್ಗದ ಬಿಳಿ ಸ್ಟ್ರಿಪ್ಪಿನಲ್ಲಿ (ಸಾಲಾಗಿ ಎಲ್‌ಇಡಿ ಕೂರಿಸಿದ ಅಂಟಿಸೋ ಪಟ್ಟಿ) ಕೆಂಪು ಭಾಗ ಕಡಿಮೆ, ಅದಕ್ಕೇ ಕೆಂಪು ಮೀನು ಮಂಕಾಗಿ ಕಾಣೋದು. 80 ಇದ್ರೆ ಪರವಾಗಿಲ್ಲ, 90 ಇದ್ರೆ ಚೆಂದ.

ನಿಮ್ಮ ಟ್ಯಾಂಕಿಗೆ ಎಷ್ಟು ಬೇಕು

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 57 ಲೀಟರ್ ನೀರು. ಹವ್ಯಾಸಿಗಳು ವರ್ಷಗಟ್ಟಲೆ ಬಳಸ್ಕೊಂಡು ಬಂದಿರೋ ಒಂದು ಸರಳ ಲೆಕ್ಕ ಇದೆ. ನೆರಳಿನ ಗಿಡಕ್ಕೆ ಲೀಟರಿಗೆ 10ರಿಂದ 20 ಲ್ಯೂಮೆನ್, ಮಧ್ಯಮಕ್ಕೆ 20ರಿಂದ 40, ಅದಕ್ಕಿಂತ ಜಾಸ್ತಿ ಬೇಕು ಅಂದ್ರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಡೋರ ಮಾತು. ನಮ್ಮ 57 ಲೀಟರಿಗೆ ಲೀಟರಿಗೆ 20ರ ಲೆಕ್ಕದಲ್ಲಿ 1140 ಲ್ಯೂಮೆನ್ ಆಯ್ತು, ಅಂದ್ರೆ ನಿಜವಾದ 12 ವ್ಯಾಟಿನ ಒಂದು ಒಳ್ಳೇ ಲೈಟು. ಇಷ್ಟೇ. ಅಕ್ಕನಿಗೆ ಅಂಗಡಿಯಲ್ಲಿ ಹೇಳಿದ್ದು 50 ವ್ಯಾಟು.

ಈ ಲೆಕ್ಕ ಒಂದಡಿ, ಒಂದೂಕಾಲಡಿ ಎತ್ತರದ ಟ್ಯಾಂಕಿಗೆ ಸರಿ. ಎತ್ತರ ಜಾಸ್ತಿಯಾದ್ರೆ ಅದು ಸುಳ್ಳಾಗುತ್ತೆ, ಯಾಕಂದ್ರೆ ದೋಸೆ ಇನ್ನೂ ತೆಳ್ಳಗಾಯ್ತಲ್ಲ. ಮತ್ತೆ ಹಳೇ ಟ್ಯೂಬಿನ ಲ್ಯೂಮೆನ್ನಿಗೂ ಎಲ್‌ಇಡಿ ಲ್ಯೂಮೆನ್ನಿಗೂ ನೇರ ಹೋಲಿಕೆ ಮಾಡ್ಬೇಡಿ. ಟ್ಯೂಬು ಸುತ್ತಲೂ ಬೆಳಕು ಚೆಲ್ಲುತ್ತೆ, ಮೇಲಕ್ಕೆ ಹೋದದ್ದರಲ್ಲಿ ಬಹಳಷ್ಟು ಹುಡ್ಡಿನಲ್ಲೇ ಹಾಳು. ಎಲ್‌ಇಡಿ ಕೆಳಗೆ ಮಾತ್ರ ಚೆಲ್ಲುತ್ತೆ, ಅದಕ್ಕೇ ಅದರ ಕಡಿಮೆ ಲ್ಯೂಮೆನ್ನೇ ಹೆಚ್ಚು ಕೆಲಸ ಮಾಡುತ್ತೆ.

ಉರಿ ಜಾಸ್ತಿಯಾದ್ರೆ ತಳ ಹಿಡಿಯುತ್ತೆ

ಹೊಸಬರು ಎಲ್ಲರೂ ಕೇಳೋ ಪ್ರಶ್ನೆ, ಜಾಸ್ತಿ ಬೆಳಕು ಕೊಟ್ರೆ ಗಿಡ ಬೇಗ ಬೆಳೆಯಲ್ವಾ ಅಂತ. ಅನ್ನಕ್ಕಿಟ್ಟಾಗ ಒಲೆ ಉರಿ ಜಾಸ್ತಿ ಮಾಡಿದ್ರೆ ಅನ್ನ ಬೇಗ ಆಗಲ್ಲ, ತಳ ಹಿಡಿಯುತ್ತೆ. ಉರಿಗೆ ತಕ್ಕ ನೀರು, ಅಕ್ಕಿ ಇರ್ಬೇಕು. ಇಲ್ಲಿ ಬೆಳಕು ಉರಿ, ಕಾರ್ಬನ್ ಡೈಆಕ್ಸೈಡು ನೀರು, ಗೊಬ್ಬರ ಅಕ್ಕಿ. ಸಿಲಿಂಡರ್ ಇಲ್ಲದ ಸಾಮಾನ್ಯ ಟ್ಯಾಂಕಿನ ನೀರಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತೆ, ಸಿಲಿಂಡರ್ ಇಟ್ಟೋರು ಅದನ್ನ 20, 30 ತನಕ ಏರಿಸ್ತಾರೆ. ಆ ಕೆಲವು ಮಿಲಿಗ್ರಾಮಿಗೆ ತಕ್ಕ ಬೆಳಕಿಗಿಂತ ಮೇಲೆ ನೀವು ಎಷ್ಟು ಕೊಟ್ರೂ ಗಿಡಕ್ಕೆ ಅದನ್ನ ಬಳಸೋಕೆ ಆಗಲ್ಲ, ಆಗ ಆ ಬೆಳಕನ್ನ ತಿನ್ನೋಕೆ ಪಾಚಿ ಬರುತ್ತೆ. ಗಾಜಿನ ಮೇಲೆ ಹಸಿರು ಪುಡಿ, ಅನುಬಿಯಾಸ್ ಎಲೆ ಅಂಚಲ್ಲಿ ಕಪ್ಪು ಕೂದಲು, ಕೆಲವೊಮ್ಮೆ ಇಡೀ ನೀರೇ ಬಟಾಣಿ ಬೇಯಿಸಿದ ನೀರಿನ ಥರ ಹಸಿರಾಗುತ್ತೆ. ಪಾಚಿಗೆ ಔಷಧಿ ಹುಡುಕೋ ಮೊದಲು ಲೈಟು ಕಡಿಮೆ ಮಾಡಿ ನೋಡಿ, ಮುಕ್ಕಾಲು ಪಾಲು ಮನೆಗಳಲ್ಲಿ ಸಮಸ್ಯೆ ಇರೋದು ಅಲ್ಲೇ ಅಂತ ನನ್ನ ಅನುಭವ.

ಬಜಾರಲ್ಲಿ ಏನೇನು ಸಿಗುತ್ತೆ

ಕ್ರಾಫರ್ಡ್ ಮಾರ್ಕೆಟ್ ಕಡೆ, ಕುರ್ಲಾ ಬಜಾರಲ್ಲಿ ಸಿಗೋ ಕ್ಲಿಪ್ ಲೈಟುಗಳು ಒಂದಡಿ ಟ್ಯಾಂಕಿಗೆ, ಒಂದು ಫೈಟರ್ ಮೀನು, ಸ್ವಲ್ಪ ಜಾವಾ ಮಾಸ್ ಇರೋರಿಗೆ ಸಾಕು. ಬಣ್ಣ ಬದಲಾಯಿಸೋ ರಿಮೋಟ್ ಸ್ಟ್ರಿಪ್ಪು ಗಣಪತಿ ಮಂಟಪಕ್ಕೆ ಚೆಂದ, ಗಿಡಕ್ಕೆ ಅದರಿಂದ ಏನೂ ಪ್ರಯೋಜನ ಇಲ್ಲ, ಅದರ ಬೆಳಕು ತೀರಾ ಕಡಿಮೆ. ಅಕ್ವೇರಿಯಂಗೇ ಅಂತ ಮಾಡಿದ, ಬಿಳಿ ಜೊತೆ ಕೆಂಪು ಹಸಿರು ನೀಲಿ ಚಿಪ್ಪುಗಳಿರೋ ಲೈಟುಗಳು ದುಬಾರಿ, ಆದ್ರೆ ಬಣ್ಣ ಮಾತ್ರ ಎದ್ದು ಕಾಣುತ್ತೆ, ದುಡ್ಡಿದ್ರೆ ತಗೊಳ್ಳಿ, ಕೆಲಸ ಕಮ್ಮಿ.

ಇವೆರಡರ ಮಧ್ಯೆ ತುಂಬಾ ಜನ ಮಾಡೋದು ಫ್ಲಡ್ ಲೈಟ್. ಗೋಡೆಗೆ ಹಾಕೋ 10, 20 ವ್ಯಾಟಿನ 6500 ಕೆಲ್ವಿನ್ ಲೈಟನ್ನ ಟ್ಯಾಂಕ್ ಮೇಲೆ ತೂಗು ಹಾಕ್ತಾರೆ. ಮುಂಬೈಯ ಲೋಹಾರ್ ಚಾಳಿನ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಕಡಿಮೆಗೆ ಸಿಗುತ್ತೆ, ಬೆಳಕು ಜೋರು, ಗಿಡ ಚೆನ್ನಾಗೇ ಬೆಳೆಯುತ್ತೆ. ಆದ್ರೆ ಇಲ್ಲೊಂದು ಅಪಾಯ ಇದೆ, ದಯವಿಟ್ಟು ಗಮನ ಇಟ್ಟು ಓದಿ. ಅಗ್ಗದ ಫ್ಲಡ್ ಲೈಟಲ್ಲಿ, ಕೆಲವು ಬ್ಯಾಟನ್ ಲೈಟಲ್ಲೂ, ಬೇರೆ ಡ್ರೈವರ್, ಅಂದ್ರೆ ಕರೆಂಟನ್ನ ಎಲ್‌ಇಡಿಗೆ ತಕ್ಕ ಹಾಗೆ ಮಾಡಿ ಕೊಡೋ ಭಾಗ, ಇರಲ್ಲ, 230 ವೋಲ್ಟು ನೇರವಾಗಿ ಎಲ್‌ಇಡಿ ಕೂತಿರೋ ತಟ್ಟೆಗೇ ಬರುತ್ತೆ, ಅಂಗಡಿಯವರು ಇದಕ್ಕೆ ಡಿಒಬಿ (ಡ್ರೈವರ್ ಆನ್ ಬೋರ್ಡ್) ಅಂತಾರೆ. ಗೋಡೆ ಮೇಲೆ ಕೈಗೆ ಸಿಗದ ಎತ್ತರದಲ್ಲಿ ಇದ್ದಾಗ ಅದರ ಕಥೆ ಬೇರೆ. ಒದ್ದೆ ಕೈ ಹಾಕೋ ನೀರಿನ ಟ್ಯಾಂಕಿನ ಅರ್ಧ ಅಡಿ ಮೇಲೆ ಇದ್ದಾಗ ಅದರ ಲೋಹದ ಬಾಡಿಗೆ ಅರ್ಥಿಂಗ್ ಇಲ್ಲದಿದ್ರೆ, ಒಳಗೆ ತೇವ ಹೋದ್ರೆ, ಜೀವಕ್ಕೇ ಕುತ್ತು. ಫ್ಲಡ್ ಲೈಟ್ ಹಾಕ್ಲೇಬೇಕು ಅಂದ್ರೆ ಮೂರು ವೈರಿನದ್ದು ತಗೊಳ್ಳಿ, ಹಸಿರು ವೈರು ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನಿಗೆ ಸೇರಿದೆಯಾ ನೋಡಿ, ಮನೆ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯಾ ಎಲೆಕ್ಟ್ರಿಷಿಯನ್ ಹತ್ರ ತೋರಿಸಿ. ನಮ್ಮ ಕಡೆ ಹಳೇ ಚಾಳುಗಳಲ್ಲಿ ಎಷ್ಟೋ ಕಡೆ ಸಾಕೆಟ್ಟಿಗೆ ಮೂರು ತೂತು ಇರುತ್ತೆ, ಹಿಂದೆ ವೈರು ಎರಡೇ.

ಅದಕ್ಕೇ ನಾನು ಎಲ್ಲರಿಗೂ ಹೇಳೋದು 12 ವೋಲ್ಟಿನ ದಾರಿ. ಕರೆಂಟು ಅಡಾಪ್ಟರಿನ ಈಚೆಗೆ ಬರೀ 12 ವೋಲ್ಟ್ ಆಗಿ ಬರುತ್ತೆ.

ಎಲ್‌ಇಡಿಗೆ ಕರೆಂಟು ಹೇಗೆ ಹೋಗುತ್ತೆ

ಸೊಸೈಟಿ ಟೆರೇಸಿನ ಮೇಲಿನ ನೀರಿನ ಟ್ಯಾಂಕ್ ನೆನಪಿಸ್ಕೊಳ್ಳಿ. ಅದು ಎಷ್ಟು ಎತ್ತರದಲ್ಲಿದೆ ಅನ್ನೋದು ವೋಲ್ಟ್, ನಲ್ಲಿಯಲ್ಲಿ ಎಷ್ಟು ನೀರು ಬರ್ತಾ ಇದೆ ಅನ್ನೋದು ಆಂಪಿಯರ್, ಎರಡನ್ನೂ ಗುಣಿಸಿದ್ರೆ ವ್ಯಾಟ್.

ಮಾಮೂಲಿ ಬಲ್ಬಿಗೂ ಎಲ್‌ಇಡಿಗೂ ಇರೋ ದೊಡ್ಡ ವ್ಯತ್ಯಾಸ ಇಲ್ಲಿದೆ. ಬಿಳಿ ಎಲ್‌ಇಡಿಗೆ ಎರಡೂವರೆ ವೋಲ್ಟ್ ಕೊಟ್ರೆ ಹೆಚ್ಚುಕಮ್ಮಿ ಏನೂ ಆಗಲ್ಲ. 3 ವೋಲ್ಟ್ ಹತ್ರ ಬಂದಾಗ ಉರಿಯುತ್ತೆ, ಅಲ್ಲಿಂದ ಒಂಚೂರು ಏರಿಸಿದ್ರೂ ಕರೆಂಟು ಮೇಲೆ ಬಿದ್ದು ನುಗ್ಗುತ್ತೆ, ದಾದರ್‌ನಲ್ಲಿ ಫಾಸ್ಟ್ ಲೋಕಲ್ ನಿಂತ ತಕ್ಷಣ ಜನ ನುಗ್ಗೋ ಹಾಗೆ. ಕಾದ ಎಲ್‌ಇಡಿಗೆ ಇನ್ನೂ ಕಡಿಮೆ ವೋಲ್ಟ್ ಸಾಕಾಗುತ್ತೆ, ಅದರಿಂದ ಇನ್ನೂ ಕರೆಂಟು ನುಗ್ಗುತ್ತೆ, ಇನ್ನೂ ಕಾಯುತ್ತೆ, ಕೊನೆಗೆ ಸುಟ್ಟೋಗುತ್ತೆ. ಅದಕ್ಕೇ ಕರೆಂಟನ್ನ ತಡೆದು ಬಿಡೋ ಒಂದು ವ್ಯವಸ್ಥೆ ಬೇಕೇ ಬೇಕು.

12 ವೋಲ್ಟಿನ ಸ್ಟ್ರಿಪ್ಪಿನಲ್ಲಿ ಆ ಕೆಲಸ ಮಾಡೋದು ರೆಸಿಸ್ಟರ್. ಸ್ಟ್ರಿಪ್ಪನ್ನ ಹತ್ತಿರದಿಂದ ನೋಡಿ, ಮೂರು ಎಲ್‌ಇಡಿ, ಅದರ ಪಕ್ಕ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚೌಕ, ಆಮೇಲೆ ಕತ್ತರಿ ಗುರುತು. ಮೂರು ಎಲ್‌ಇಡಿಗೆ ತಲಾ 3.2ರ ಹಾಗೆ 9.6 ವೋಲ್ಟ್, ಉಳಿದ 2.4 ಆ ಕಪ್ಪು ಚೌಕ ನುಂಗುತ್ತೆ, ಬಿಸಿಯಾಗಿ ಬಿಡುತ್ತೆ. ಐದರಲ್ಲಿ ಒಂದು ಪಾಲು ಕರೆಂಟು ಹೀಗೆ ದಂಡ, ಆದ್ರೆ ಸರಳ, ನಂಬಬಹುದು. ದೊಡ್ಡ 1 ವ್ಯಾಟ್, 3 ವ್ಯಾಟ್ ಎಲ್‌ಇಡಿಗಳಿಗೆ ಕರೆಂಟನ್ನ ಒಂದೇ ಸಮ ಇಡೋ ಡ್ರೈವರ್ ಬೇಕು, 1 ವ್ಯಾಟಿನದಕ್ಕೆ 350 ಮಿಲಿಆಂಪಿಯರ್, 3 ವ್ಯಾಟಿನದಕ್ಕೆ ಸಾಮಾನ್ಯವಾಗಿ 700, ಜೊತೆಗೆ ಬಿಸಿ ಎಳ್ಕೊಂಡು ಹೊರಗೆ ಬಿಡೋ ದಪ್ಪ ಅಲ್ಯೂಮಿನಿಯಂ ಹೀಟ್ ಸಿಂಕ್. ಚಿಕ್ಕ ಟ್ಯಾಂಕಿಗೆ ಅಷ್ಟೆಲ್ಲ ಬೇಡ.

ನಾವೇ ಮಾಡ್ಕೊಳ್ಳೋದು

ಅಕ್ಕನ ಟ್ಯಾಂಕಿಗೆ ನಾವು ಮಾಡಿದ್ದನ್ನೇ ಹೇಳ್ತೀನಿ. ಮುಂಬೈಯ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 12 ವೋಲ್ಟಿನ 6500 ಕೆಲ್ವಿನ್ ಸ್ಟ್ರಿಪ್ಪು, ಅದನ್ನ ಅಂಟಿಸೋಕೆ ಅಲ್ಯೂಮಿನಿಯಂ ಚಾನಲ್ಲು, 12 ವೋಲ್ಟ್ 2 ಆಂಪಿಯರಿನ ಅಡಾಪ್ಟರ್, ಅಡಾಪ್ಟರಿನ ಪಿನ್ ಸಿಕ್ಕಿಸೋಕೆ ಡಿಸಿ ಜ್ಯಾಕು, ವೈರು, ಬಿಸಿ ಮಾಡಿದ್ರೆ ಕುಗ್ಗಿ ವೈರಿಗೆ ಬಿಗಿಯಾಗಿ ಕೂರೋ ಹೀಟ್ ಶ್ರಿಂಕ್ ಟ್ಯೂಬು ತಂದ್ವಿ. ಪುಣೆಯಲ್ಲಿರೋರಿಗೆ ತಪಕೀರ್ ಗಲ್ಲಿಯಲ್ಲಿ ಇದೇ ಸಾಮಾನು ಸಿಗುತ್ತೆ. ಅಡಾಪ್ಟರಿನಲ್ಲಿ ಮಾತ್ರ ಉಳಿತಾಯ ಮಾಡ್ಬೇಡಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತೆ ಆರ್ ಅಕ್ಷರದಿಂದ ಶುರುವಾಗೋ ರಿಜಿಸ್ಟ್ರೇಷನ್ ನಂಬರ್ ಇರೋದನ್ನೇ ತಗೊಳ್ಳಿ. 230 ವೋಲ್ಟಿಗೂ ನಿಮ್ಮ ಕೈಗೂ ಮಧ್ಯೆ ಇರೋ ಗೋಡೆ ಅದೊಂದೇ.

55 ಸೆಂಟಿಮೀಟರಿನ ಮೂರು ಸಾಲು ಕತ್ತರಿಸಿದ್ವಿ, ಕತ್ತರಿ ಗುರುತಿನ ಮೇಲೇ, ಅದು ತಪ್ಪಿದ್ರೆ ಆ ಮೂರು ಎಲ್‌ಇಡಿ ಹೋದ ಹಾಗೆ. ಒಟ್ಟು 1.65 ಮೀಟರ್. ಅಂಗಡಿಯವರು ಮೀಟರಿಗೆ 14.4 ವ್ಯಾಟ್ ಅಂತ ಹೇಳಿದ್ರು, ಆ ಲೆಕ್ಕಕ್ಕೆ 24 ವ್ಯಾಟ್ ಆಗ್ಬೇಕು. ಮಲ್ಟಿಮೀಟರ್ ಆಂಪಿಯರಿಗೆ ಇಟ್ಟು ಮಧ್ಯೆ ಸೇರಿಸಿ ನೋಡಿದ್ರೆ 1.1 ಆಂಪಿಯರ್. 12ರಿಂದ ಗುಣಿಸಿದ್ರೆ 13 ವ್ಯಾಟು, ಹೇಳಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಮಗೆ ಬೇಕಾಗಿದ್ದು 12, ಹಾಗಾಗಿ ತೊಂದರೆ ಆಗ್ಲಿಲ್ಲ, ಆದ್ರೆ ಸ್ಟ್ರಿಪ್ಪಿನ ಮೇಲೆ ಬರೆದಿದ್ದನ್ನ ನಂಬಿ ಲೆಕ್ಕ ಹಾಕೋರು ಹೀಗೆ ಒಮ್ಮೆ ಅಳೆದು ನೋಡ್ಲೇಬೇಕು. ಅಡಾಪ್ಟರ್ ಯಾವಾಗಲೂ ಬೇಕಾದ್ದಕ್ಕಿಂತ ಕಾಲು ಪಾಲು ದೊಡ್ಡದಿರಲಿ, ಇಡೀ ದಿನ ಏದುಸಿರು ಬಿಟ್ಕೊಂಡು ಓಡೋದು ಬೇಡ.

ಮೂರು ಸಾಲನ್ನೂ ರೈಲಿನ ಡಬ್ಬಿ ಥರ ಒಂದರ ಹಿಂದೆ ಒಂದು ಸೇರಿಸ್ಬೇಡಿ. ಸ್ಟ್ರಿಪ್ಪಿನ ತಾಮ್ರ ತುಂಬಾ ತೆಳು, ಉದ್ದ ಆದಷ್ಟೂ ವೋಲ್ಟು ಸೋರಿ ಕೊನೆ ಎಲ್‌ಇಡಿಗಳು ಮಂಕಾಗ್ತವೆ. ಪ್ರತಿ ಸಾಲಿಗೂ ಬೇರೆ ಬೇರೆ ವೈರು ಎಳೆದು, ಪ್ಲಸ್ ಎಲ್ಲ ಒಂದು ಕಡೆ, ಮೈನಸ್ ಎಲ್ಲ ಒಂದು ಕಡೆ ಸೇರಿಸಿ ಜ್ಯಾಕಿಗೆ ಕೊಡಿ.

ಅಲ್ಯೂಮಿನಿಯಂ ಯಾಕೆ ಅಂದ್ರೆ, ಎಲ್‌ಇಡಿ ತಣ್ಣಗಿರುತ್ತೆ ಅನ್ನೋದು ಅರ್ಧ ಸತ್ಯ. ತಿಂದ ಕರೆಂಟಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗೇ ಹೋಗುತ್ತೆ, ಆ ಬಿಸಿ ಹಿಂದಿನ ತಟ್ಟೆ ಕಡೆ ಬರುತ್ತೆ. ಮರದ ಹಲಗೆಗೋ ಪ್ಲಾಸ್ಟಿಕ್ ಹುಡ್ಡಿಗೋ ಅಂಟಿಸಿದ್ರೆ ಅದಕ್ಕೆ ಹೋಗೋಕೆ ಜಾಗ ಇಲ್ಲ, ಬೆಳಕು ದಿನೇ ದಿನೇ ಕುಗ್ಗುತ್ತೆ, ಆಯಸ್ಸು ಕಡಿಮೆಯಾಗುತ್ತೆ. ಅರ್ಧ ಗಂಟೆ ಉರಿಸಿ ಚಾನಲ್ ಹಿಂದೆ ಬೆರಳಿಡಿ. ಹತ್ತು ಸೆಕೆಂಡ್ ಇಟ್ಕೊಳ್ಳೋಕೆ ಆದ್ರೆ ಸರಿ ಇದೆ, ಸುಟ್ಟ ಹಾಗಾಗಿ ಕೈ ತೆಗೆದ್ರೆ ಚಾನಲ್ ಸಾಲದು.

ತೇವ, ತಾಮ್ರ, ಸಿಲಿಕಾನು

ಸ್ಟ್ರಿಪ್ ಮೇಲೆ ಐಪಿ 20, ಐಪಿ 65, ಐಪಿ 67 ಅಂತ ಇರುತ್ತೆ. ಮೊದಲ ಅಂಕಿ ಧೂಳಿಗೆ, ಎರಡನೇದು ನೀರಿಗೆ. ಎರಡನೇ ಅಂಕಿ 0 ಅಂದ್ರೆ ನೀರಿಂದ ರಕ್ಷಣೆಯೇ ಇಲ್ಲ, 5 ಅಂದ್ರೆ ಪೈಪಿನಲ್ಲಿ ನೀರು ಹೊಡೆದ್ರೂ ತಡ್ಕೊಳ್ಳುತ್ತೆ, 7 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿದ್ರೂ ತಡ್ಕೊಳ್ಳುತ್ತೆ. ಟ್ಯಾಂಕ್ ಮೇಲೆ ಗಾಜು ಮುಚ್ಚಿದ್ರೆ 65 ಸಾಕು. ಆದ್ರೆ ನೀವು ಕತ್ತರಿಸಿದ ಕ್ಷಣ ಆ ತುದಿಯಲ್ಲಿ ಈ ನಂಬರ್ ಹೋಯ್ತು. ಅಲ್ಲಿ ತಾಮ್ರ ಬಯಲಾಗಿದೆ, ಅದನ್ನ ನೀವೇ ಮುಚ್ಬೇಕು.

ಮುಚ್ಚೋದು ಯಾವುದರಿಂದ ಅನ್ನೋದು ನಾನು ಕಷ್ಟಪಟ್ಟು ಕಲಿತ ಪಾಠ. ಮೊದಲ ಸಲ ನನ್ನ ಟ್ಯಾಂಕಿಗೆ ಮಾಡಿದಾಗ ಮನೆಯಲ್ಲಿದ್ದ ಅಕ್ವೇರಿಯಂ ಸಿಲಿಕಾನನ್ನೇ (ಗಾಜು ಅಂಟಿಸೋ ಅಂಟು) ಸೋಲ್ಡರ್ ಮಾಡಿ ವೈರು ಬೆಸೆದ ಜಾಗಕ್ಕೆ ಹಚ್ಚಿದೆ. ಎರಡು ತಿಂಗಳಲ್ಲಿ ತುದಿಯ ಮೂರು ಎಲ್‌ಇಡಿ ಮಿಣುಕೋಕೆ ಶುರು. ಬ್ಲೇಡಿನಿಂದ ಸಿಲಿಕಾನ್ ಕಿತ್ತು ನೋಡಿದ್ರೆ ಒಳಗೆ ತಾಮ್ರ ಹಳೇ ಹಿತ್ತಾಳೆ ದೀಪದ ಮೂಲೆಯಲ್ಲಿ ಕಟ್ಟೋ ಕಿಲುಬಿನ ಥರ ಹಸಿರಾಗಿತ್ತು, ವೈರು ಎಳೆದ ತಕ್ಷಣ ಕೈಗೇ ಬಂತು. ನೀರು ಒಳಗೆ ಹೋಗಿರ್ಲಿಲ್ಲ. ಕಾರಣ ಆ ಸಿಲಿಕಾನೇ. ಹಚ್ಚುವಾಗ ವಿನೆಗರ್ ವಾಸನೆ ಬರೋ ಸಿಲಿಕಾನ್ ಒಣಗ್ತಾ ಅಸಿಟಿಕ್ ಆಮ್ಲ ಬಿಡುತ್ತೆ, ಗಾಜಿಗೆ ಅದರಿಂದ ಏನೂ ಆಗಲ್ಲ, ತಾಮ್ರವನ್ನ ತಿಂದು ಹಾಕುತ್ತೆ. ವೈರಿನ ಜಾಗಕ್ಕೆ ನ್ಯೂಟ್ರಲ್ ಅಂತ ಬರೆದಿರೋ, ಆ ಹುಳಿ ವಾಸನೆ ಇಲ್ಲದ ಸಿಲಿಕಾನ್ ಹಚ್ಚಿ, ಅದರ ಮೇಲೆ ಹೀಟ್ ಶ್ರಿಂಕ್ ಹಾಕಿ.

ಮುಂಬೈಯ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಟ್ಯಾಂಕಿನ ಹುಡ್ ಒಳಗಿನ ತೇವ ಕೇಳ್ಬೇಕಾ. ಗೋವಾದಲ್ಲಿ ಸಮುದ್ರದ ಹತ್ರ ಇರೋರಿಗೆ ಇದರ ಜೊತೆ ಉಪ್ಪಿನ ಗಾಳಿ ಬೇರೆ, ವಾಸ್ಕೋದಲ್ಲಿರೋ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಜ್ಯಾಕಿನ ಪಿನ್ನುಗಳಿಗೇ ತುಕ್ಕು ಹಿಡಿದು ಬೆಳಕು ಬಂದು ಹೋಗಿ ಮಾಡ್ತಿತ್ತು. ಜ್ಯಾಕು ಯಾವಾಗಲೂ ಟ್ಯಾಂಕಿನಿಂದ ದೂರ ಇರಲಿ. ಅಡಾಪ್ಟರ್ ಹುಡ್ ಒಳಗೆ ಇಡಲೇಬೇಡಿ.

ವೈರು ಸಾಕೆಟ್ಟಿಗೆ ಹೋಗೋ ಮೊದಲು ಜೋಲಿ ಹೊಡೆದ ಹಾಗೆ ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗ್ಬೇಕು. ಆಗ ವೈರಿನ ಮೇಲೆ ಹರಿದು ಬಂದ ನೀರು ಆ ತಗ್ಗಿನಲ್ಲಿ ನೆಲಕ್ಕೆ ತೊಟ್ಟಿಕ್ಕುತ್ತೆ, ಸಾಕೆಟ್ ಒಳಗೆ ಹೋಗಲ್ಲ. ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು. ಮನೆ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ರೆ ಹಾಕಿಸಿ, ಕರೆಂಟು ಸೋರಿದ ತಕ್ಷಣ ಅದರ ಸ್ವಿಚ್ಚು ಬಿದ್ದು ಲೈನ್ ಕಟ್ ಆಗುತ್ತೆ. ಮತ್ತೆ ಟ್ಯಾಂಕ್ ಒಳಗೆ ಕೈ ಹಾಕೋ ಮೊದಲು ಲೈಟು, ಫಿಲ್ಟರ್, ಹೀಟರ್ ಎಲ್ಲದರ ಪ್ಲಗ್ ತೆಗೀರಿ. ಮನೆಯಲ್ಲಿ ಮಕ್ಕಳಿದ್ರೆ ಅವರಿಗೂ ಇದನ್ನ ಕಲಿಸಿ.

ಎಷ್ಟು ಹೊತ್ತು ಉರಿಸ್ಬೇಕು

ಹೊಸ ಟ್ಯಾಂಕಿಗೆ ದಿನಕ್ಕೆ 6 ಗಂಟೆಯಿಂದ ಶುರು ಮಾಡಿ. ಗಿಡದಲ್ಲಿ ಹೊಸ ಎಲೆ ಬರ್ತಾ ಇದ್ದು ಗಾಜಿನ ಮೇಲೆ ಪಾಚಿ ಇಲ್ಲ ಅಂದ್ರೆ ವಾರಕ್ಕೆ ಅರ್ಧರ್ಧ ಗಂಟೆ ಏರಿಸಿ, 8ಕ್ಕೆ ನಿಲ್ಲಿಸಿ. ಲೋಕಲ್ ಹತ್ತಿ ಮನೆಗೆ ಬರೋ ಹೊತ್ತಿಗೆ ರಾತ್ರಿ ಎಂಟಾಗೋ ನಮ್ಮಂಥೋರು ಬೆಳಿಗ್ಗೆ ಹಾಕಿ ಹೋದ್ರೆ ನೋಡೋಕೂ ಸಿಗಲ್ಲ, 12, 13 ಗಂಟೆ ಉರಿದು ಪಾಚಿ ಬೇರೆ. ಸಂಜೆ 4ರಿಂದ ರಾತ್ರಿ 10 ಇಟ್ಕೊಳ್ಳಿ, ಗಿಡಕ್ಕೆ ಹಗಲು ಯಾವಾಗ ಶುರುವಾದ್ರೂ ಪರವಾಗಿಲ್ಲ, ದಿನಾ ಅದೇ ಹೊತ್ತಿಗೆ ಆಗ್ಬೇಕು ಅಷ್ಟೇ. 13 ವ್ಯಾಟಿನ ಲೈಟು ಅಡಾಪ್ಟರ್ ತಿನ್ನೋದೂ ಸೇರಿ 16 ವ್ಯಾಟ್ ಅಂದ್ಕೊಂಡ್ರೂ, ದಿನಕ್ಕೆ 7 ಗಂಟೆಗೆ ತಿಂಗಳಿಗೆ ಮೂರೂವರೆ ಯೂನಿಟ್ ಹತ್ರ ಬರುತ್ತೆ.

ಟೈಮರ್ ತಗೊಳ್ಳುವಾಗ ಒಂದು ವಿಷಯ ನೋಡಿ. ಗಡಿಯಾರದ ಥರ ತಿರುಗೋ ಮೆಕ್ಯಾನಿಕಲ್ ಟೈಮರ್ ಕರೆಂಟು ಹೋದಾಗ ಅದೂ ನಿಂತು ಬಿಡುತ್ತೆ. ಎರಡು ಗಂಟೆ ಪವರ್ ಕಟ್ ಆದ್ರೆ ಅವತ್ತಿಂದ ನಿಮ್ಮ ಟ್ಯಾಂಕಿನ ಸಂಜೆ 4 ಅಂದ್ರೆ 6, ಯಾರಾದ್ರೂ ಗಮನಿಸಿ ಸರಿ ಮಾಡೋ ತನಕ ಹಾಗೇ ನಡೆಯುತ್ತೆ. ಒಳಗೆ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ಆದ್ರೆ ಈ ತಾಪತ್ರಯ ಇಲ್ಲ.

ಹದಿನೈದು ದಿನಕ್ಕೊಮ್ಮೆ ಮುಚ್ಚಳದ ಗಾಜು ಒರೆಸಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸೋರ ಗಾಜಿನ ಮೇಲೆ ಬಿಳೀ ಸುಣ್ಣದ ಪದರ ಕೂರುತ್ತೆ, ಬೆಳಕು ಅದರಲ್ಲೇ ನಿಂತು ಹೋಗುತ್ತೆ, ಜನ ಲೈಟು ಹಳೇದಾಯ್ತು ಅಂದ್ಕೊಳ್ತಾರೆ. ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಇಡಿ. ಅಕ್ಕನ ಟ್ಯಾಂಕಿನಲ್ಲಿ ಈಗ ನಾಲ್ಕು ವಾರ ಆಯ್ತು, ಆರೂವರೆ ಗಂಟೆಗೆ ನಿಲ್ಲಿಸಿದೀವಿ, ಗಾಜಿನ ಎಡ ಮೂಲೆಯಲ್ಲಿ ಬೆಳಗಿನ ಬಿಸಿಲು ತಾಗೋ ಕಡೆ ಸ್ವಲ್ಪ ಹಸಿರು ಕಾಣಿಸ್ತು, ಅಲ್ಲೊಂದು ಪರದೆ ಹಾಕೋಕೆ ಹೇಳಿದೀನಿ. ಅನುಬಿಯಾಸ್ ಎರಡು ಹೊಸ ಎಲೆ ಬಿಟ್ಟಿದೆ.